ತಡೀರಿ ಮಾಮನೂ ಅಳತೆಯಮ್ಮನ ಗೋಡೆಯೂ

ತಡೀರಿ ಎಂಬುದು ಅವನಿಗೆ ಮನೆಯವರು ಇಟ್ಟ ಹೆಸರಲ್ಲ. ಯಾರೇ ಅಂಗಡಿಗೆ ಬಂದು, ಕೆಟ್ಟ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಉಸಿರು ಬಿಡದೆ ಗೋಳು ತೋಡಿಕೊಳ್ಳಲು ಶುರುಮಾಡಿದರೂ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು ಅದೇ. “ತಡೀರಿ, ತಡೀರಿ. ಮೊದ್ಲು ಕೂತ್ಕೊಳ್ಳಿ.” ಅವನ ಅಕ್ಕನ ಗಂಡ ಅಣಕಿಸಲೆಂದು ಹಾಗೆ ಕರೆಯತೊಡಗಿದ, ಆಮೇಲೆ ಬೀದಿಯೇ ಹಾಗೆ ಕರೆಯಿತು, ಮಕ್ಕಳ ಬಾಯಲ್ಲಿ ಅದು ತಡೀರಿ ಮಾಮ ಆಯಿತು. ಅವನಿಗೂ ಬೇಸರವಿರಲಿಲ್ಲ. ಫೋನ್ ಎತ್ತಿ “ತಡೀರಿ ಮಾತಾಡ್ತಿದೀನಿ” ಅನ್ನುತ್ತಿದ್ದ. ಗೊತ್ತಿಲ್ಲದವರು ಆ ಕಡೆಯಿಂದ ಸುಮ್ಮನೆ ಕಾಯುತ್ತಿದ್ದರು.

ಅವನು ಹೋಗಿ ಎರಡು ತಿಂಗಳಾಯಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ದೀಪ ಹಾಕಿ, ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಅವನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಒಂದು ಲ್ಯಾಪ್‌ಟಾಪ್ ಹಾಗೇ ಇತ್ತು. ಪಕ್ಕದಲ್ಲಿ ಒಂದು ಬಿಳಿ ಹಾಳೆ. ಅದರ ಮೇಲೆ ತಿರುಪುಗಳು, ಯಂತ್ರದಲ್ಲಿ ಯಾವ ಯಾವ ಜಾಗದಿಂದ ಬಂದಿದ್ದವೋ ಅದೇ ಜಾಗದಲ್ಲಿ. ಅದು ಅವನ ಪದ್ಧತಿ. ಡಬ್ಬಿಗೆ ಸುರಿಯುವವನಲ್ಲ. ಆ ಯಂತ್ರವನ್ನು ಮುಗಿಸಲು ಬೇರೊಬ್ಬ ರಿಪೇರಿಯವನು ಬಂದಾಗ, ಯಾರನ್ನೂ ಏನೂ ಕೇಳದೆ ಮಧ್ಯಾಹ್ನದೊಳಗೆ ಮುಚ್ಚಿ ಕೊಟ್ಟ. “ಎಲ್ಲಾ ಹೇಳಿಟ್ಟು ಹೋಗಿದಾರಲ್ಲ” ಅಂದ ಅವನು.

ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಪಕ್ಕಕ್ಕೆ ಔಷಧಿ ಅಂಗಡಿ, ಇನ್ನೊಂದು ಪಕ್ಕಕ್ಕೆ ಜೆರಾಕ್ಸ್. ಮುಂದಿನ ಮೇಜಿನಲ್ಲಿ ಭಾವ ಚಾರ್ಜರು, ಮೌಸು, ವೈರು ಮಾರುತ್ತಿದ್ದ. ಹಿಂದಿನ ಮೇಜು ತಡೀರಿಯದು. ಯಾರಾದರೂ ಮೆಟ್ಟಿಲು ಹತ್ತಿದರೆ ಅವನ ತಲೆಯ ಮೇಲೆ ಧಡಧಡ ಸದ್ದು. ಸದ್ದು ನಿಲ್ಲುವವರೆಗೆ ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿರುತ್ತಿದ್ದ. ಭಾವ ಬಾಯಾಳಿ, ಇವನು ಮಿತಭಾಷಿ. ಇಬ್ಬರೂ ದಿನಕ್ಕೊಮ್ಮೆ ಜಗಳವಾಡುತ್ತಿದ್ದರು, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು.

ಆ ಜಗಳಗಳಲ್ಲೆಲ್ಲ ದೊಡ್ಡದು ಅಳತೆಯಮ್ಮನ ಲ್ಯಾಪ್‌ಟಾಪಿನದು.

ಅಳತೆಯಮ್ಮ ಹಿಂದಿನ ಬೀದಿಯಲ್ಲಿ ಜೋಡು ಮಾಡುವಾಕೆ. ಅಂಗಡಿಯಲ್ಲಿ ಸಿಗುವ ಜೋಡು ಯಾರ ಕಾಲಿಗೆ ಆಗುವುದಿಲ್ಲವೋ ಅವರಿಗೆ. ಒಂದು ಕಾಲು ಗಿಡ್ಡ ಇದ್ದವರು, ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ ಮಕ್ಕಳು, ಬೆರಳು ಕಳೆದುಕೊಂಡವರು. ಬಂದವರನ್ನು ಕಾಗದದ ಮೇಲೆ ನಿಲ್ಲಿಸಿ, ತಾನು ಮಂಡಿಯೂರಿ ಕೂತು, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯುತ್ತಿದ್ದಳು. ಗಂಡ ಇದ್ದ ಕಾಲದಲ್ಲಿ ಆ ಕಾಗದಗಳೆಲ್ಲ ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದವು. ಒಬ್ಬರಿಗೆ ಒಂದು ಮೊಳೆ. ಅದೇ ಮನುಷ್ಯ ಮತ್ತೆ ಬಂದರೆ ಹೊಸ ಕಾಗದ ಹಳೆಯದರ ಮೇಲೆ. ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ. “ಕುಂಟು ಕಾಲಿನ ಪಕ್ಕ ಹೆಸರು ಬರೆದು ಗೋಡೆಗೆ ನೇತುಹಾಕೋಕೆ ಅವರೇನು ಕಳ್ಳರಾ?” ಅನ್ನುತ್ತಿದ್ದಳು. ಯಾರ ಮೊಳೆ ಎಲ್ಲಿದೆ ಎಂದು ಅವಳ ಕೈಗೆ ಗೊತ್ತಿತ್ತು.

ಗಂಡ ತೀರಿದ ಮೇಲೆ ಆ ಕೋಣೆ ಬಿಟ್ಟು ಚಿಕ್ಕ ಕೋಣೆಗೆ ಬರಬೇಕಾಯಿತು. ಅಲ್ಲಿ ಗೋಡೆಯೇ ಇಲ್ಲ. ಒಂದು ಕಡೆ ಕಿಟಕಿ, ಒಂದು ಕಡೆ ಹೊಲಿಗೆ ಯಂತ್ರ, ಒಂದು ಕಡೆ ಅಲಮಾರು. ಆಗ ಅವಳ ತಂಗಿಯ ಮಗಳು ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಲ್ಯಾಪ್‌ಟಾಪಿನ ಪರದೆಯ ಮೇಲೆ, ಗೋಡೆಯಲ್ಲಿ ಹೇಗಿತ್ತೋ ಹಾಗೇ ಜೋಡಿಸಿ ಕೊಟ್ಟಳು. ಇಡಲು ಜಾಗವಿಲ್ಲದೆ ಆ ಕಾಗದಗಳನ್ನು ಅಮ್ಮ ಒಲೆಗೆ ಹಾಕಿದಳು. ಮೇಲಿನ ಸಾಲು ಬೆಳೆಯುವ ಮಕ್ಕಳದು. ಬಲಕ್ಕೆ ವಯಸ್ಸಾದವರು. ಎಡಗಡೆ ಕೆಳಗೆ, ಕಣ್ಣಿಟ್ಟು ನೋಡಬೇಕಾದವರು. ಒಂದರ ಮೇಲೊಂದು ಕೂತ ಪುಟ್ಟ ಪುಟ್ಟ ಐಕಾನುಗಳು. ಎಲ್ಲದರ ಮುಖವೂ ಒಂದೇ, ಎಲ್ಲದಕ್ಕೂ ಕಾಗದ ಕೈಗೆ ಸಿಕ್ಕ ಕ್ರಮದಲ್ಲಿ ಯಂತ್ರವೇ ಕೊಟ್ಟ ನಂಬರು. ಅಮ್ಮ ಅವನ್ನು ಓದುತ್ತಿರಲಿಲ್ಲ. ಕೈ ಹೋದ ಕಡೆ ಒತ್ತಿದರೆ ಬೇಕಾದ ಕಾಲು ಬರುತ್ತಿತ್ತು.

ಹಳೆಯ ಆಪರೇಟಿಂಗ್ ಸಿಸ್ಟಂಗೆ ಇನ್ನು ಕಾವಲಿಲ್ಲ, ಬದಲಾಯಿಸಿ ಎಂದು ಪರದೆ ದಿನಾ ಬಡಬಡಿಸತೊಡಗಿದಾಗ ಅವಳು ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು.

“ಇದು ದಿನಾ ಹೆದರಿಸುತ್ತಪ್ಪಾ. ಏನೋ ಮಾಡು. ಆದ್ರೆ ಒಂದು ಕಾಲೂ ಕಳೀಬಾರ್ದು.”

“ಒಂದು ಬೆರಳೂ ಕಳೆಯಲ್ಲಮ್ಮಾ” ಅಂದ ತಡೀರಿ.

ಅವನು ಮಾಡಿದ ಕೆಲಸ ಎಂಥವನೂ ಮೆಚ್ಚುವಂಥದ್ದು. ಎಲ್ಲ ಚಿತ್ರಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದ. ಹೊಸ ಡಿಸ್ಕ್ ಹಾಕಿ ಹೊಸ ಸಿಸ್ಟಂ ಕೂಡಿಸಿದ. ಆ ಚಿತ್ರಗಳನ್ನು ತೆರೆಯುವ ಹಳೆಯ ಪ್ರೋಗ್ರಾಂ ಹೊಸದರಲ್ಲಿ ಓಡುವುದಿಲ್ಲ ಎಂದು ಗೊತ್ತಾದಾಗ, ಪ್ರತಿಯೊಂದನ್ನೂ ಎಲ್ಲೆಡೆ ತೆರೆಯುವಂಥ ಹೊಸ ರೂಪಕ್ಕೆ ತಿರುಗಿಸಿದ. ಯಾರೂ ಕೇಳಿರಲಿಲ್ಲ, ತಾನಾಗಿ. ಎಲ್ಲವೂ ತೆರೆಯುತ್ತವೆಂದು ಒಂದೊಂದನ್ನೇ ತೆರೆದು ನೋಡಿದ. ಕೊನೆಗೆ ಹಳೆಯ ಡಿಸ್ಕನ್ನೂ ಹೊರಗಿನ ನಕಲನ್ನೂ ಯಾರೂ ಮರಳಿ ಓದಲಾಗದಂತೆ ಚೊಕ್ಕ ಅಳಿಸಿದ. ಜನರ ಕಾಲು ಅವರ ಗುಟ್ಟು, ಬೇರೆಯವರ ಕೈಗೆ ಸಿಗಬಾರದು ಎಂದು.

ಅಮ್ಮ ಬಂದು ಕೂತಳು. ಪರದೆ ಬೆಳಗಿತು. ಐಕಾನುಗಳು ಎಡ ಮೂಲೆಯಿಂದ ಶುರುವಾಗಿ, ಪೆರೇಡಿಗೆ ನಿಂತ ಹಾಗೆ, ನಂಬರಿನ ಪ್ರಕಾರ ಸಾಲಾಗಿ ನಿಂತಿದ್ದವು. ಅವಳು ಸ್ವಲ್ಪ ಹೊತ್ತು ನೋಡಿದಳು. ಕೈ ಮೌಸಿನ ಮೇಲೆ ಹೋಯಿತು, ಎಡಗಡೆ ಕೆಳಗೆ ಒತ್ತಿತು. ಯಾರದೋ ಮುದಿ ಪಾದ ಬಂತು. ಇನ್ನೊಂದು ಒತ್ತಿದಳು. ಮತ್ಯಾರೋ.

“ನನ್ನ ಗೋಡೆ ಎಲ್ಲಪ್ಪಾ?” ಅಂದಳು.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. “ಎಲ್ಲಾ ಇದೆಯಮ್ಮಾ. ನೋಡಿ, ಒಂದೂ ಹೋಗಿಲ್ಲ.”

“ಇದೆ. ಯಾರದು ಯಾವುದು?”

ಆಗ ಅವನಿಗೆ ತಿಳಿಯಿತು. ಐಕಾನು ಪರದೆಯ ಮೇಲೆ ಎಲ್ಲಿ ಕೂತಿತ್ತು ಎಂಬ ನೆನಪು ಹಳೆಯ ಸಿಸ್ಟಂನ ಒಳಗಿತ್ತು. ಅದನ್ನು ಅವನೇ ಅಳಿಸಿದ್ದ. ಹಳೆಯ ತಾರೀಕು ನೋಡಿ ಪತ್ತೆ ಮಾಡೋಣವೆಂದರೆ, ರೂಪ ಬದಲಾಯಿಸಿದ ದಿನವೇ ಎಲ್ಲದರ ತಾರೀಕಾಗಿ ಕೂತಿತ್ತು. ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದನೋ ಅಷ್ಟೇ ಅಚ್ಚುಕಟ್ಟಾಗಿ ದಾರಿಗಳೆಲ್ಲ ಮುಚ್ಚಿದ್ದವು.

ಭಾವ ಮುಂದಿನ ಮೇಜಿನಿಂದಲೇ ಬಾಯಿ ಹಾಕಿದ. “ಅಲ್ಲಮ್ಮಾ, ನೀವು ಕೊಟ್ಟಷ್ಟೂ ಫೈಲು ವಾಪಸ್ ಬಂದಿವೆ. ಹೆಸರು ಹಾಕ್ಕೋಬೇಕಿತ್ತು ನೀವು. ಅದು ನಮ್ಮ ತಲೆಮೇಲೆ ಬಂದ್ರೆ ಹೆಂಗೆ?”

“ಭಾವಾ, ಸುಮ್ನಿರು.”

“ನಾನ್ಯಾಕೆ ಸುಮ್ನಿರ್ಲಿ? ನಿನ್ನ ಕೆಲಸದಲ್ಲಿ ಏನು ತಪ್ಪಿದೆ, ತೋರ್ಸು. ಕೈ ತೊಳ್ಕೊಂಡು ಬಾ ಊಟಕ್ಕೆ.”

“ತಿರುಪಿಗೆ ಜಾಗ ಇದೆ ಅಂತ ಗೊತ್ತಿರೋ ನನಗೆ ಇದಕ್ಕೂ ಜಾಗ ಇರುತ್ತೆ ಅಂತ ಹೊಳೀಲಿಲ್ಲ. ಕಳೆದಿದ್ದು ನಾನೇ.” ಅವನು ಅಮ್ಮನ ಕಡೆ ತಿರುಗಿದ. “ಅಮ್ಮಾ, ನಿಮ್ಮ ಗೋಡೆ ಕೆಡವಿದೋನು ನಾನು. ಕಟ್ಟಿಕೊಡ್ತೀನಿ.”

“ಹೆಂಗೆ?”

“ಗೊತ್ತಿಲ್ಲ.”

ಅಮ್ಮನಿಗೆ ನಗು ಬಂತೋ ಅಳು ಬಂತೋ. “ಗೊತ್ತಿಲ್ದೆ ಇದ್ರೆ ಆರಾಮಾಗಿ ಕಟ್ಟು. ಆದ್ರೆ ಒಂದು ಮಗೂದು ಮಾತ್ರ ಸೋಮವಾರಕ್ಕೆ ಬೇಕಲ್ಲೋ” ಅಂದಳು.

ಆ ಮಗು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಹೆಂಗಸಿನ ಮಗಳು, ಎಂಟು ವರ್ಷದ ಹುಡುಗಿ. ಎಡಪಾದ ಒಳಕ್ಕೆ ತಿರುಗಿಕೊಂಡೇ ಹುಟ್ಟಿದವಳು. ನಡೆಯಲು ಕಲಿತಾಗಿನಿಂದ ಅಳತೆಯಮ್ಮನ ಹತ್ತಿರವೇ ಜೋಡು. ಪಾದ ಕೊಯ್ದು ಸರಿಮಾಡಬೇಕೋ, ಇನ್ನೂ ಕಾಯಬಹುದೋ ಎಂದು ಸೋಮವಾರ ಡಾಕ್ಟರು ತೀರ್ಮಾನಿಸುವವರಿದ್ದರು. ಈಗ ಹೇಗಿದೆ ಎಂದು ಅವರಿಗೆ ಕಾಣುತ್ತದೆ; ವರ್ಷ ವರ್ಷ ಹೇಗೆ ಬದಲಾಯಿತು ಎಂಬುದು ಬೇಕು. ಅದು ಇದ್ದದ್ದು ಅಮ್ಮನ ಗೋಡೆಯ ಒಂದೇ ಮೊಳೆಯಲ್ಲಿ, ಒಂದರ ಮೇಲೊಂದಾಗಿ. ಈಗ ಆ ಹಾಳೆಗಳು ನೂರಾರು ಪಾದಗಳ ನಡುವೆ ಚೆಲ್ಲಿಹೋಗಿದ್ದವು. ಹೊಸದಾಗಿ ಅಳತೆ ತೆಗೆಯಬಹುದು. ಕಳೆದ ವರ್ಷಗಳದನ್ನು ಎಲ್ಲಿಂದ ತರುವುದು?

ತಡೀರಿ ಅಂದೇ ಬಾಗಿಲಿಗೆ ‘ರಿಪೇರಿ ಇಲ್ಲ’ ಎಂಬ ಹಲಗೆ ನೇತುಹಾಕಿ ಅಮ್ಮನ ಕೋಣೆಗೆ ಹೋದ. ಭಾವ ಹಿಂದಿನಿಂದ ಕೂಗಿದ, “ಹೋಗು, ಊರಿನ ಕಾಲೆಲ್ಲಾ ಹಿಡ್ಕೊಂಡು ಬಾ!”

ಇಬ್ಬರೂ ಪರದೆಯ ಮುಂದೆ ಕೂತರು. ಅವನು ಒಂದೊಂದೇ ಚಿತ್ರ ತೆರೆಯುವುದು, ಅವಳು ಹೇಳುವುದು. ಮೊದಲು ಸಲೀಸಾಗಿ ಹೋಯಿತು. “ಇದು ಬಸ್ ಕಂಡಕ್ಟರ್ರು. ಹೆಬ್ಬೆರಳಿಲ್ಲ ನೋಡು.” “ಇದು ನಮ್ಮ ಲೈಬ್ರರಿಯಮ್ಮ, ಮಹಾ ಜಿಪುಣಿ, ಅಟ್ಟೆ ಸವೆದು ನೆಲ ಕಾಣೋವರೆಗೂ ಬರಲ್ಲ.” ಆಮೇಲೆ ತಡವರಿಸತೊಡಗಿದಳು. ಹೌದು ಅನ್ನುವಳು, ಅಲ್ಲ ಅನ್ನುವಳು. ಒಂದು ಪಾದವನ್ನು ಆ ಹುಡುಗಿಯದೇ ಎಂದು ಗಟ್ಟಿಯಾಗಿ ಹೇಳಿ, ಮರುಗಳಿಗೆಗೆ ಅದು ಗಾರೆ ಕೆಲಸದ ಮುದುಕನದು ಎಂದಳು. ಎರಡನೆಯ ದಿನದ ಸಂಜೆಗೆ ಅವಳ ಮುಖ ಬಾಡಿಹೋಯಿತು.

“ನಂಗೆ ಅರುಳು ಮರುಳು ಶುರುವಾಯ್ತೇನೋ ತಮ್ಮಾ. ನನ್ನ ಕೈಯಿಂದ ಬರೆದ ಗೆರೆ ನನಗೇ ಗುರುತು ಸಿಗ್ತಿಲ್ಲ.”

ಎಂಟು ವರ್ಷದ ಹುಡುಗಿಯ ಕಾಲನ್ನೂ ಮುದುಕನ ಕಾಲನ್ನೂ ಯಾರಾದರೂ ಹೇಗೆ ಅದಲುಬದಲು ಮಾಡುತ್ತಾರೆ ಎಂಬುದೇ ತಡೀರಿಯ ತಲೆಯಲ್ಲಿ ಕೊರೆಯುತ್ತಿತ್ತು. ಆ ಎರಡು ಚಿತ್ರಗಳನ್ನು ಮತ್ತೆ ತೆರೆದ. ಒಂದಾದ ಮೇಲೊಂದು, ಹಿಂದೆ ಮುಂದೆ. ಮೆಲ್ಲಗೆ ಹೊಳೆಯಿತು. ಹೊಸ ಪ್ರೋಗ್ರಾಂ ಪ್ರತಿ ಚಿತ್ರವನ್ನೂ ಪರದೆ ತುಂಬುವಂತೆ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತಿತ್ತು. ಕೂಸಿನ ಕಾಲೂ ಅಷ್ಟೇ, ಕಟ್ಟಾಳಿನ ಕಾಲೂ ಅಷ್ಟೇ.

“ಅಮ್ಮಾ, ನಿಮಗೇನೂ ಆಗಿಲ್ಲ. ಇದು ಎಲ್ಲರಿಗೂ ಒಂದೇ ಸೈಜ್ ಮಾಡಿ ತೋರಿಸ್ತಿದೆ. ನೀವು ಯಾವತ್ತಾದ್ರೂ ಕಾಲನ್ನ ಹಿಂಗೆ ಎದುರಿಗೆ ನಿಲ್ಲಿಸ್ಕೊಂಡು, ಕುರ್ಚಿ ಮೇಲೆ ಕೂತು ನೋಡಿದೀರಾ?”

“ಕಾಲು ನೆಲದ ಮೇಲಲ್ವೇನೋ ಇರೋದು?”

“ಹಂಗಾದ್ರೆ ನೆಲಕ್ಕೇ ಇಳಿಸೋಣ.”

ಶನಿವಾರ ಅವನು ಪಕ್ಕದ ಜೆರಾಕ್ಸ್ ಅಂಗಡಿಯವನನ್ನು ಹಿಡಿದು ಕೂರಿಸಿಕೊಂಡು ಚಿತ್ರಗಳನ್ನೆಲ್ಲ ನಿಜವಾದ ಅಳತೆಯಲ್ಲೇ ಮುದ್ರಣ ಮಾಡಿಸಿದ. ಒಂದೊಂದರ ಮೂಲೆಯಲ್ಲಿ ಅದರ ನಂಬರು. ಕಾಗದದ ಹೊರೆ ಹೊತ್ತುಕೊಂಡು ಬರುವಾಗ ಇನ್ನೊಂದು ಹೊರೆ ಹೊತ್ತುಕೊಂಡು ಹಿಂದೆ ಬಂದವನು ಭಾವ. “ನೀನು ಮೆಟ್ಟಿಲಲ್ಲಿ ಮುಗ್ಗರಿಸಿದ್ರೆ ಅಕ್ಕ ನನ್ನ ಬಯ್ತಾಳೆ” ಅಂದ. ಗಂಟುಮುಖ ಹಾಗೇ ಇತ್ತು.

ಅಮ್ಮನ ಕೋಣೆ ಸಾಲದೆ ಹೊರಗಿನ ಪಡಸಾಲೆಯವರೆಗೂ ಹಾಳೆ ಹಾಸಿದರು. ದೊಡ್ಡ ಕಾಲುಗಳು ಒಂದು ಕಡೆ, ಸಣ್ಣವು ಒಂದು ಕಡೆ. ಎಲ್ಲ ಹಾಸಿ ಮುಗಿದಾಗ, ಯಾವುದೋ ದೊಡ್ಡ ಗುಂಪು ಬಂದು ನಿಂತು, ಪಾದ ಮಾತ್ರ ಬಿಟ್ಟು ಹೊರಟುಹೋದ ಹಾಗೆ ಕಾಣುತ್ತಿತ್ತು. ಅಳತೆಯಮ್ಮ ಸೊಂಟಕ್ಕೆ ಕೈ ಕೊಟ್ಟು ಆ ತುದಿಯಿಂದ ಈ ತುದಿಯವರೆಗೆ ನಡೆದಳು. ಮತ್ತೆ ತಿರುಗಿ ನಡೆದಳು. ಆಮೇಲೆ ಸಣ್ಣ ಪಾದಗಳ ನಡುವೆ ಮಂಡಿಯೂರಿ ಕೂತಳು, ಅಳತೆ ತೆಗೆಯುವಾಗ ಕೂರುತ್ತಿದ್ದ ಹಾಗೆಯೇ. ಒಂದು ಹಾಳೆಯ ಗೆರೆಯ ಮೇಲೆ ಬೆರಳು ಇಟ್ಟು ಹಿಮ್ಮಡಿಯಿಂದ ಸುತ್ತ ಹರಿಸತೊಡಗಿದಳು. ಪಾದದ ಒಳಬಾಗಿನ ಹತ್ತಿರ ಬೆರಳು ಟಕ್ಕೆಂದು ಹಾರಿತು. ಅಲ್ಲಿ ಗೆರೆ ಹೊರಕ್ಕೆ ಜಿಗಿದು ಮತ್ತೆ ಒಳಕ್ಕೆ ಬಂದಿತ್ತು.

ಅಮ್ಮ ಜೋರಾಗಿ ನಕ್ಕುಬಿಟ್ಟಳು.

“ಏನಮ್ಮಾ?”

“ಇವಳೇ! ನಮ್ಮ ಕಚಗುಳಿ ರಾಣಿ! ಪೆನ್ಸಿಲ್ಲು ಇಲ್ಲಿಗೆ ಬರೋದೇ ತಡ, ಕಿಸಕ್ ಅಂತ ಕಾಲು ಎಳ್ಕೊಳ್ಳೋಳು. ಒಂದು ಸಲಾನೂ ನೆಟ್ಟಗೆ ಬರೆಸ್ಕೊಂಡೋಳಲ್ಲ. ಹುಡ್ಕು, ಹುಡ್ಕು, ಇಲ್ಲಿ ಗೆರೆ ಹಾರಿರೋದು ಎಲ್ಲೆಲ್ಲಿದೆ ನೋಡು!”

ಮೂವರೂ ನೆಲಕ್ಕೆ ಬಗ್ಗಿದರು. ಭಾವನಿಗೇ ಮೊದಲು ಸಿಕ್ಕಿತು. ಲಾಟರಿ ಹೊಡೆದವನಂತೆ ಹಾಳೆ ಎತ್ತಿ ಹಿಡಿದ. ತಡೀರಿ ಆ ಹಾರಿದ ಗೆರೆಯನ್ನು ತಾನೂ ಬೆರಳಿನಿಂದ ಸವರಿ ನೋಡಿದ. ರೂಪ ಬದಲಾಯಿಸುವಾಗ ಯಂತ್ರ ಅವನನ್ನು ಕೇಳಿತ್ತು, ಅಂಕುಡೊಂಕಾದ ಗೆರೆಗಳನ್ನು ನಯಗೊಳಿಸಲೇ ಎಂದು. ಚೆನ್ನಾಗಿ ಕಾಣುತ್ತದೆ, ಮಾಡಿಬಿಡು ಎಂದಿದ್ದ ಭಾವ. ಆ ಅಮ್ಮ ಎಳೆದ ಗೆರೆಗೆ ನಾನ್ಯಾಕೆ ಕೈ ಹಾಕಲಿ ಎಂದು ಇವನು ಬೇಡವೆಂದಿದ್ದ. ಹೂಂ ಅಂದಿದ್ದರೆ ಈ ಗುರುತೇ ಉಳಿಯುತ್ತಿರಲಿಲ್ಲ. ಆ ಮಾತನ್ನು ಭಾವನಿಗೆ ಅಂದೂ ಆಡಿ ತೋರಿಸಲಿಲ್ಲ, ಮುಂದೆಯೂ ಇಲ್ಲ. ಬೀದಿಯವರಿಗೆ ಅದು ತಿಳಿದದ್ದು ಭಾವನ ಬಾಯಿಂದಲೇ, ಅವನು ಹೋದ ಮೇಲೆ.

ಸಿಕ್ಕ ಹಾಳೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರು. ಒಂದೆರಡು ಎಳೆಯ ಪಾದಗಳ ಬಗ್ಗೆ ಅಮ್ಮನಿಗೆ ಅನುಮಾನವಿತ್ತು. ಅವನ್ನು ಸೇರಿಸಲು ತಡೀರಿ ಒಪ್ಪಲಿಲ್ಲ. “ಗ್ಯಾರಂಟಿ ಇಲ್ದೆ ಇರೋದು ಬೇಡ. ಡಾಕ್ಟರು ಇದನ್ನ ನಂಬಿ ಕೊಯ್ಯೋರು.”

ಸೋಮವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನೇ ಹಾಳೆಗಳ ಸುರುಳಿ ಹಿಡಿದುಕೊಂಡು ಕೂತಿದ್ದ. ತಾಯಿಗೆ ಕೆಲಸದ ಸಮವಸ್ತ್ರ ಬದಲಿಸಲೂ ಹೊತ್ತಾಗಿರಲಿಲ್ಲ. ಡಾಕ್ಟರು ವಯಸ್ಸಾದ ಹೆಂಗಸು, ಕಣ್ಣಿಗೆ ದಪ್ಪ ಕನ್ನಡಕ. ಮೇಜಿನ ಮೇಲೆ ಹಾಳೆ ಹಿಡಿಸಲಿಲ್ಲ.

“ಹೊರಗೆ ನೆಲದ ಮೇಲೆ ಹಾಸಿದ್ರೆ ಚೆನ್ನಾಗಿ ಕಾಣುತ್ತೆ ಮೇಡಂ” ಅಂದ ತಡೀರಿ, ಹಿಂಜರಿಯುತ್ತ.

“ಹಾಸಿ ಮತ್ತೆ” ಅಂದರು ಅವರು.

ಹಾಸಿದ. ಡಾಕ್ಟರು ಬಗ್ಗಿ ಬಗ್ಗಿ ನೋಡುತ್ತ ಸಾಲಿನುದ್ದಕ್ಕೂ ಹೋದರು. ಮೊದಲ ಹಾಳೆಯಲ್ಲಿ ಪಾದ ಹುರುಳಿಕಾಯಿಯಂತೆ ಮುರುಟಿತ್ತು. ಸಾಲು ಮುಂದೆ ಹೋದಂತೆ ಬಾಗು ಬಿಚ್ಚಿಕೊಳ್ಳುತ್ತ ಬಂದಿತ್ತು. ಒಂದು ಕಡೆ ಮಾತ್ರ ಮತ್ತೆ ಹಿಂದಕ್ಕೆ ಹೋಗಿತ್ತು.

“ಇಲ್ಲಿ ಏನಾಯ್ತು?”

“ಆ ವರ್ಷ ಜ್ವರ ಬಂದು ತುಂಬಾ ದಿನ ಮಲಗಿದ್ಲು” ಅಂದಳು ತಾಯಿ.

“ಮತ್ತೆ ಎಲ್ಲದ್ರಲ್ಲೂ ಇಲ್ಲಿ ಗೆರೆ ಯಾಕೆ ಹಾರಿದೆ?”

ಹುಡುಗಿ ತಾಯಿಯ ಹಿಂದಿನಿಂದ ಇಣುಕಿದಳು. “ಅಜ್ಜಿ ಕಚಗುಳಿ ಇಡ್ತಾರೆ.”

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಎಲ್ಲಿ, ನಡಿ ನೋಡೋಣ.”

ಹುಡುಗಿ ತನ್ನ ಪಾದಗಳ ಸಾಲಿನ ಪಕ್ಕದಲ್ಲೇ ನಡೆದಳು, ಆ ತುದಿಯವರೆಗೆ, ತಿರುಗಿ ಬಂದಳು. ಬರುವಾಗ ಕತ್ತು ಬಗ್ಗಿಸಿ ಹಾಳೆಗಳನ್ನೇ ನೋಡುತ್ತಿದ್ದಳು. “ಮಾಮಾ, ಇದೆಲ್ಲಾ ನನ್ನ ಕಾಲೇನಾ?”

“ನಿಂದೇ ಕಣಮ್ಮಾ.”

“ಇಷ್ಟು ಕಾಲು ನಾನು ಒಬ್ಳೇನೇ ಮುಗಿಸಿದ್ನಾ?”

ಡಾಕ್ಟರು ನಕ್ಕರು. ಆಮೇಲೆ ತಾಯಿಗೆ ಹೇಳಿದರು, “ಈಗ ಕೊಯ್ಯೋದು ಬೇಡ. ಇದು ತಾನಾಗೇ ದಾರಿಗೆ ಬರ್ತಿದೆ. ಜೋಡು ಬಿಡಿಸಬೇಡಿ. ಮುಂದಿನ ವರ್ಷ ಇನ್ನೊಂದು ಹಾಳೆ ಸೇರಿಸ್ಕೊಂಡು ಬನ್ನಿ, ನೋಡೋಣ.”

ತಾಯಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಸಮವಸ್ತ್ರದ ತೋಳಿನಿಂದ ಮುಖ ಒರೆಸಿಕೊಂಡಳು. ತಡೀರಿ ಹಾಳೆಗಳನ್ನು ಒಂದೊಂದಾಗಿ ಎತ್ತಿ, ಸಾಲು ತಪ್ಪದಂತೆ ಸುತ್ತಿ ಅವಳ ಕೈಗೆ ಕೊಟ್ಟ. ಹೊರಬಂದು ಭಾವನಿಗೆ ಫೋನ್ ಮಾಡಿದ. “ಬೇಡವಂತೆ ಭಾವಾ. ಕಾಯಬಹುದಂತೆ.”

ಆ ಕಡೆಯಿಂದ ಭಾವ ಮೂಗು ಏರಿಸುವ ಸದ್ದು ಬಂತು. “ಸರಿ ಮತ್ತೆ, ಅಂಗಡಿಗೆ ಬಾ. ಇಲ್ಲಿ ಜನ ನಿಂತಿದಾರೆ.”

“ಇವತ್ತಿಲ್ಲ. ಉಳಿದೋರ ಕಾಲು ಇನ್ನೂ ನೆಲದ ಮೇಲೇ ಇದೆ” ಅಂದ ತಡೀರಿ, ಅಳತೆಯಮ್ಮನ ಬೀದಿಯ ಕಡೆ ತಿರುಗಿದ.